ಮಾತಾಡದ ಬಾಲವಾಡಿ

ಚಂದ್ರಕಲಾಳ ಕಣ್ಣು ಹೋಗುತ್ತಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಷ್ಟು ಹೋಗಿದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ತಮ್ಮ ಮಾಳುವಿಗಾದರೂ ಗೊತ್ತಾಗಬೇಕಿತ್ತು. ತಿಕೋಟಾ ಬಸ್ ನಿಲ್ದಾಣದ ಎದುರಿಗೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು ಅವನು. ಕಪ್ಪಾದ ಪರದೆಯನ್ನು ಒಮ್ಮೆ ಓರೆ ಹಿಡಿದು ನೋಡಿದರೆ ಸಾಕು, ಹಿಂದಿನ ಬೆಳಕು ಹೋಗಿದೆಯೋ, ತಂತಿ ಹೋಗಿದೆಯೋ, ಪರದೆಯೇ ಹೋಗಿದೆಯೋ ಎಂದು ಹೇಳಿಬಿಡುತ್ತಿದ್ದ. ಅಕ್ಕನ ವಿಷಯದಲ್ಲಿ ಮಾತ್ರ ಆ ವಿದ್ಯೆ ನಡೆಯಲಿಲ್ಲ.

ಮಿರಜಿನ ಡಾಕ್ಟರೂ ಅದನ್ನು ಪರದೆ ಎಂದೇ ಕರೆದಿದ್ದರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತ ಬಂದಿದೆ, ಇದಕ್ಕೆ ಔಷಧವಿಲ್ಲ, ವರ್ಷವೋ ಎರಡು ವರ್ಷವೋ ಎಂದು ಹೇಳಿ, ಸಂಬಂಧದಲ್ಲೇ ಮದುವೆಯಾಗಿದೆಯೇ ಎಂದು ಅವ್ವನನ್ನು ಕೇಳಿದರು.

“ಹೂನ್ರೀ, ನಮ್ಮವ್ವನ ಖಾಸ ತಮ್ಮಗ ಕೊಟ್ಟಾರ ನನ್ನ,” ಎಂದಳು ತಾಯಿ ಮುದುಕವ್ವ, ಸ್ವಲ್ಪ ಹೆಮ್ಮೆಯಿಂದಲೇ.

ಡಾಕ್ಟರು ಬರೆದುಕೊಂಡರು. ಅವರು ಬರೆದುಕೊಂಡ ರೀತಿಯಲ್ಲೇ ಅವ್ವನಿಗೆ ತಿಳಿಯಿತು. ತಮ್ಮೂರು ಬಬಲೇಶ್ವರ ಮುಟ್ಟುವವರೆಗೂ ಬಸ್ಸಿನಲ್ಲಿ ಆಕೆ ಬಾಯಿಗೆ ಸೆರಗು ಹಿಡಿದೇ ಕುಳಿತಿದ್ದಳು. ನಗಿಸೋಣವೆಂದು ಮಾಳು ಡಾಕ್ಟರ ಮರಾಠಿ ಬೆರೆತ ಕನ್ನಡವನ್ನು, ಅವರು ಮೂಗಿನ ಮೇಲೆ ಚಾಳೀಸು ಏರಿಸುವಾಗ ಬಿಡುವ ನಿಟ್ಟುಸಿರಿನ ಸಮೇತ ಮಾಡಿ ತೋರಿಸಿದ. ನಕ್ಕವಳು ಚಂದ್ರಕಲಾ ಒಬ್ಬಳೇ.

ಡಾಕ್ಟರಿಗೆ ಚಾಳೀಸಾದರೆ ಮಾಳುವಿಗೆ ಇದು ಚಾಳಿ. ಯಾರ ಧ್ವನಿ ಕಿವಿಗೆ ಬಿದ್ದರೂ ಸಂಜೆಯೊಳಗೆ ಅದು ಅವನ ಗಂಟಲಿನಲ್ಲಿ ಮನೆ ಮಾಡಿರುತ್ತಿತ್ತು. ಅಂಗಡಿಗೆ ಬರುವ ಗಿರಾಕಿಗಳು ಕಂಪ್ಯೂಟರ್ ಸರಿಯಾದ ಮೇಲೂ ಅರ್ಧ ತಾಸು ಕುಳಿತು, “ಮಾಳಪ್ಪಾ, ಆ ಸೌಕಾರ ಫೋನಿನ್ಯಾಗ ಮಾತಾಡೂದ ಒಂದ್ಸಲ ಮಾಡೋ,” ಎನ್ನುತ್ತಿದ್ದರು. ಆದರೆ ಅವನ ಖರೇ ಗಿರಾಕಿ ಮನೆಯಲ್ಲಿದ್ದಳು. ಅಕ್ಕ ನಕ್ಕರೆ ಮಾತ್ರ ಅವನಿಗೆ ಧ್ವನಿ ಕೂಡಿತೆಂದು ಖಾತ್ರಿಯಾಗುತ್ತಿತ್ತು.

ಚಂದ್ರಕಲಾ ತಿಕೋಟಾದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಏಳು ವರ್ಷ ಕಂಪ್ಯೂಟರ್ ಆಪರೇಟರ್ ಆಗಿದ್ದವಳು. ಯಾರ ಒಣದ್ರಾಕ್ಷಿಯ ಬಾಕ್ಸು ಯಾವ ಕೋಣೆಯಲ್ಲಿ ಯಾವ ಸಾಲಿನಲ್ಲಿದೆ ಎಂದು ಬರೆದಿಡುವ ಕೆಲಸ. ಶ್ರಾವಣದಲ್ಲಿ ಒಬ್ಬರ ಮಾಲು ಇನ್ನೊಬ್ಬರ ಹೆಸರಿಗೆ ಹೋಯಿತು. ಅದು ಮೂರನೇ ಸಲ. ಮಾಲಕರು ಬೈಯಲಿಲ್ಲ, “ಮನ್ಯಾಗ ಒಂದಿಷ್ಟ ಆರಾಮ ತಗೋ ತಂಗಿ,” ಎಂದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಬಹಳ ದಿನ ಅನ್ನಿಸಿತು. ಬೈಸಿಕೊಂಡವರು ಮರುದಿನ ಕೆಲಸಕ್ಕೆ ಹೋಗಬಹುದು.

ವಿಜಯಪುರದಲ್ಲಿ ಜೋಡ ಗುಮ್ಮಟದ ಹಿಂದಿನ ಗಲ್ಲಿಯೊಂದರಲ್ಲಿ, ಕಣ್ಣು ಕಾಣದವರಿಗೆ ಪ್ರೋಗ್ರಾಮ್ ಬರೆಯುವುದನ್ನು ಕಲಿಸುವ ಸಣ್ಣ ಕೇಂದ್ರವೊಂದಿದೆ ಎಂದು ಅವಳಿಗೆ ಗೊತ್ತಾದದ್ದು ದಸರೆಯ ಹೊತ್ತಿಗೆ. ವರ್ಷಕ್ಕೆ ಒಂದೇ ತಂಡ, ಎಂಟೇ ಮಂದಿ. ಕಲಿತವರನ್ನು ಕೆಲಸಕ್ಕೂ ಅವರೇ ಹಚ್ಚುತ್ತಾರೆ. ಫೆಬ್ರುವರಿಯಲ್ಲಿ ಪ್ರವೇಶ ಪರೀಕ್ಷೆ: ಒಂದು ತಾಸು, ಯಾರ ಸಹಾಯವೂ ಇಲ್ಲದೆ, ಪೈಥಾನಿನಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಬರೆದು ನಡೆಸಿ ತೋರಿಸಬೇಕು.

“ಇದೊಂದ ಬಾಗಲಾ ತೆರದೈತಿ ಮಾಳ್ಯಾ,” ಎಂದಳು ಚಂದ್ರಕಲಾ. “ಇದೂ ಮುಚ್ಚಿತಂದ್ರ, ನಾ ಅವ್ವನ ಮಗ್ಗಲಾಗ ಜ್ವಾಳಾ ಹಸನ ಮಾಡ್ಕೋತ ಕುಂಡ್ರೂದು. ಅದೂ ಕಲ್ಲ ಕಾಣಲಾರದ.”

“ಹಂಗ್ಯಾಕ ಅಂತಿಬೇ? ನಾ ಕಲಸ್ತೇನಿ. ಎಂಟ ಮಂದ್ಯಾಗ ಒಬ್ಬಾಕಿ ನೀನ.”

ಕೇಂದ್ರದ ಯಂತ್ರಗಳೆಲ್ಲ ಲಿನಕ್ಸಿನವು. ಮನೆಯ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಹಳೆಯ ವಿಂಡೋಸ್. ಆ ಅಕ್ಟೋಬರಿನಲ್ಲೇ ಕಂಪನಿಯವರು ಆ ಹಳೇ ಕಿಟಕಿಗೆ ಇನ್ನು ಸುಣ್ಣ ಬಣ್ಣ ಮಾಡುವುದಿಲ್ಲವೆಂದು ಸಾರಿದ್ದರು. ಹೊಸ ಕಿಟಕಿ ಈ ಗೋಡೆಗೆ ಕೂಡುವಂತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮಾಳು ಹಳೆಯದನ್ನೆಲ್ಲ ಒರೆಸಿ ಲಿನಕ್ಸ್ ಹಾಕಿದ. ಇನ್ನು ಪ್ರೋಗ್ರಾಮ್ ಬರೆಯುವುದಕ್ಕೆ ಒಂದು ಎಡಿಟರ್ ಆರಿಸಬೇಕಿತ್ತು. ಲಿನಕ್ಸಿನಲ್ಲಿ ಅವಕ್ಕೇನು ಕಡಿಮೆಯಿಲ್ಲ. ಅಕ್ಕನನ್ನು ಪಕ್ಕಕ್ಕೆ ಕೂಡಿಸಿಕೊಂಡು ಒಂದೊಂದನ್ನೇ ತೆರೆದು, ಕನ್ಯೆ ತೋರಿಸುವವರ ಹಾಗೆ ಗುಣಗಾನಕ್ಕೆ ಶುರುವಿಟ್ಟ.

“ಇದು ಬೀಗರ ಮನಿ. ಒಳಗ ಹೋಗಾಕ ಎರಡ ಅಕ್ಷರ ಸಾಕು. ಹೊರಗ ಬರಾಕ ಕೊಡೂದಿಲ್ಲ. ಉಂಡ ಹೋಗು, ಚಾ ಕುಡದ ಹೋಗು, ನಾಳೆ ಮುಂಜಾನೆ ಹೋಗೀಯಂತ. ಮೊದಲನೇ ಸಲ ಇದರಾಗ ಹೊಕ್ಕಾಗ ನಾ ಬ್ಯಾಟರಿ ಕಿತ್ತಿ ಹೊರಗ ಬಂದೇನಿ.”

“ಮುಂದಿಂದು?”

“ಇದರಾಗ ಒಂದ ಸರ್ತಿಗೆ ನಾಕ ಬಟನ್ ಒತ್ತಬೇಕು. ಪೇಟಿ ಬಾರಸೂ ಮಂದಿಗಿ ಚೊಲೊ. ಇದು ನೋಡು, ಇದು ದೊಡ್ಡ ಸೌಕಾರ. ಚಂದ ಅದಾನ, ಖರೆ ನಮ್ಮ ಲ್ಯಾಪ್‌ಟಾಪಿನ ಮ್ಯಾಲ ಕುಂತ್ರ ಅದರ ನಡಾ ಮುರೀತೈತಿ.”

“ಹಗರಂದು ಯಾವುದೂ ಇಲ್ಲೇನಲೇ?”

“ಐತಿ. ಕರೇ ಪಾಟಿ. ಬರಿ, ಇಟಗೋ, ಹೊರಗ ಬಾ. ಮುಗೀತು. ಬಣ್ಣಿಲ್ಲ, ಬಟನ್ ಇಲ್ಲ, ಏನಿಲ್ಲ. ಇದನ್ನ ನೋಡ್ಕೋತ ಕುಂತ್ರ ನಿದ್ದಿ ಬರ್ತೈತಿ.”

ಕೊನೆಗೆ ತೆರೆದದ್ದು ಹೊಸಬರಿಗೆಂದೇ ಮಾಡಿದ ಒಂದು ಎಡಿಟರು. ಮಾಳು ಅದಕ್ಕೆ ಬಾಲವಾಡಿ ಎಂದು ಹೆಸರಿಟ್ಟ. ಮೇಲಿನ ಚೌಕದಲ್ಲಿ ಬರೆಯುವುದು, ಒಂದು ಬಟನ್ ಒತ್ತುವುದು, ಕೆಳಗಿನ ಚೌಕದಲ್ಲಿ ಉತ್ತರ. ತಪ್ಪಿದ್ದರೆ ಕೆಂಪು. ಅಕ್ಷರಗಳನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ಹೊಸಬರಿಗೆ ಯಾವುದು ಸುಲಭವೆಂದು ಅವನು ನಾಲ್ಕು ಕಡೆ ಓದಿ, ಆರು ವಿಡಿಯೋ ನೋಡಿಯೇ ಬಂದಿದ್ದ. ಎಲ್ಲರೂ ಬಾಲವಾಡಿಯನ್ನೇ ಹೊಗಳಿದ್ದರು. ಹೊಗಳಿದವರೆಲ್ಲರಿಗೂ ಕಣ್ಣಿತ್ತು.

ಲಿನಕ್ಸಿನೊಂದಿಗೆ ಪರದೆ ಓದುವ ಧ್ವನಿಯೊಂದು ಪುಕ್ಕಟೆ ಬಂದಿತ್ತು. ಬಾಲವಾಡಿ ತೆರೆಯುವುದಕ್ಕೆ ಮೊದಲೇ ಅವನು ಅದನ್ನು ಚಾಲೂ ಮಾಡಿ ನೋಡಿದ್ದ. ನೆಗಡಿಯಾದವನೊಬ್ಬ ತಗಡಿನ ಡಬ್ಬಿಯೊಳಗೆ ಕುಳಿತು ರೇಷನ್ ಯಾದಿ ಓದಿದ ಹಾಗಿತ್ತು. “ಕಡತಗಳು. ಕಸದ ಬುಟ್ಟಿ. ಹೊರನಡೆ.” ಅಡುಗೆಮನೆಯಿಂದ ಮುದುಕವ್ವ ಹಿಟ್ಟಿನ ಕೈಯಲ್ಲೇ ಬಂದು, “ಯಾರ್ ಬಂದಾರೋ?” ಎಂದಳು. ಮಾಳುವಿಗೆ ಅಷ್ಟು ಸಾಕಾಯಿತು. ಯಂತ್ರ “ಕಸದ ಬುಟ್ಟಿ” ಎಂದರೆ ಇವನು ಅದೇ ಮೂಗಿನಲ್ಲಿ “ಕಸಾ ನೀ ಚೆಲ್ಲತೀಯೋ ನಾ ಚೆಲ್ಲಲ್ಯೋ” ಎಂದ. ಅದು “ಹೊರನಡೆ” ಎಂದರೆ ಇವನು “ಚಪ್ಪಲಿ ಎಲ್ಲೈತಿ” ಎಂದ. ಚಂದ್ರಕಲಾ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು.

“ಬಂದ್ ಮಾಡಲೇ ಅದನ್ನ. ಹೆಣಾ ಓದಿದಂಗ ಆಗಾಕತ್ತೈತಿ. ಅದಕ್ಕಿಂತಾ ನೀನ ಓದು.”

ಅವನು ಬಂದ್ ಮಾಡಿದ. ಮತ್ತೆ ಚಾಲೂ ಮಾಡಲಿಲ್ಲ.

ಅಲ್ಲಿಂದ ದಿನಾ ಬೆಳಿಗ್ಗೆ ಆರರಿಂದ ಎಂಟರವರೆಗೆ ಪಾಠ. ಎಂಟಕ್ಕೆ ಮಾಳು ಬೈಕು ಏರಿ ತಿಕೋಟಾಕ್ಕೆ ಹೋಗಿ ಅಂಗಡಿ ತೆಗೆಯಬೇಕು. ಅಕ್ಕ ಬರೆಯುವವಳು, ಅವನು ಅವಳ ಬಲಗಡೆ ಕುಳಿತು ಪರದೆ ಓದುವವನು. ಸುಮ್ಮನೆ ಓದಿದರೆ ಅವನು ಮಾಳು ಹೇಗಾದಾನು? ತಪ್ಪು ಬಂದರೆ ತಿಕೋಟಾ ಬಸ್ಸಿನ ಕಂಡಕ್ಟರು ಬರುತ್ತಿದ್ದರು: “ಯಾರ್ರೀ ಅದು ಆರನೇ ಸೀಟ? ಟಿಕೆಟ್ ತಗೊಂಡಿಲ್ಲ!” ಎಂದರೆ ಆರನೇ ಸಾಲಿನಲ್ಲಿ ಏನೋ ಬಿಟ್ಟುಹೋಗಿದೆ. “ಬಾಗಲಾ, ಬಾಗಲಾ!” ಎಂದರೆ ಕಂಸ ಮುಚ್ಚಿಲ್ಲ. ಉತ್ತರ ಸರಿ ಬಂದರೆ ಒಣದ್ರಾಕ್ಷಿ ಹರಾಜು ಕೂಗುವ ಸವಾಲಿನವರು: “ಒಂದ ಸರ್ತಿ, ಎರಡ ಸರ್ತಿ, ಚಂದ್ರಕಲಾಬಾಯಾರಿಗಿ ಮೂರ ಸರ್ತಿ!” ಅಡುಗೆಮನೆಯಲ್ಲಿ ಅವ್ವನ ರೊಟ್ಟಿ ಬಡಿಯುವ ಸಪ್ಪಳವೂ ಆಗ ಒಂದು ಕ್ಷಣ ನಿಲ್ಲುತ್ತಿತ್ತು. ಆ ಚಳಿಗಾಲದಲ್ಲಿ ಮನೆಯಲ್ಲಿ ನಗು ಕೇಳಿಸಿದ್ದು ಆ ಎರಡು ತಾಸು ಮಾತ್ರ.

ಅಕ್ಕನ ಬೆರಳು ಓಡುತ್ತಿದ್ದವು. ಏಳು ವರ್ಷದ ಆಪರೇಟರ್ ಕೈ. ಅಕ್ಷರಗಳನ್ನು ಹುಡುಕುವ ಪ್ರಶ್ನೆಯೇ ಇರಲಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ಮಾಳು ತಡವಾಗಿ ಎದ್ದು ಬಂದು ನೋಡಿದರೆ ಲ್ಯಾಪ್‌ಟಾಪಿನ ಬೆಳಕು ಪೂರ್ತಿ ಇಳಿದಿದೆ. ಧೂಳು ಒರೆಸುವಾಗ ಅವ್ವನ ಕೈ ತಾಕಿರಬೇಕು. ಆ ಕಗ್ಗತ್ತಲ ಪರದೆಯ ಎದುರು ಚಂದ್ರಕಲಾ ನೆಟ್ಟಗೆ ಕುಳಿತು ಬರೆಯುತ್ತಿದ್ದಳು.

“ಯಕ್ಕಾ! ಕತ್ತಲಾಗ ಬರ್ಯಾಕತ್ತೀಯಲ್ಲ!”

ಅವಳ ಕೈ ನಿಂತಿತು.

“ನಿನ್ನಂಗ ನೋಡ್ಕೋತ ಬರ್ಯಾಕ ನಾ ಏನ್ ಸಾಲಿ ಹುಡುಗೇನಲೇ?” ಎಂದಳು.

ಅವನು ಬೆಳಕು ಏರಿಸಿ ನೋಡಿದ. ಹನ್ನೊಂದು ಸಾಲು, ಒಂದೂ ತಪ್ಪಿಲ್ಲ. ಆ ದಿನವೆಲ್ಲ ಅಂಗಡಿಗೆ ಬಂದವರಿಗೆಲ್ಲ ಇದನ್ನೇ ಹೇಳಿದ. ನಮ್ಮಕ್ಕ ಪರದೆ ನೋಡದೆ ಬರೀತಾಳ್ರೀ ಎಂದು ಎದೆ ಉಬ್ಬಿಸಿ ಹೇಳುವಾಗ, ತಾನು ಹೇಳುತ್ತಿರುವುದೇನೆಂದು ಒಂದು ಸಲವೂ ಅವನಿಗೆ ಹೊಳೆಯಲಿಲ್ಲ.

ಜನವರಿಯಲ್ಲಿ ಕೇಂದ್ರದಿಂದ ರುಕ್ಸಾರ ಎಂಬಾಕೆ ಫೋನು ಮಾಡಿದಳು. ಹಿಂದಿನ ತಂಡದಲ್ಲಿ ಕಲಿತು ಈಗ ಅಲ್ಲೇ ಕೆಲಸಕ್ಕಿದ್ದಾಳೆ, ಹುಟ್ಟಿನಿಂದ ಕಣ್ಣಿಲ್ಲ. ಅರ್ಜಿ ತುಂಬಿಕೊಳ್ಳಲು ಒಂದೊಂದೇ ಕೇಳುತ್ತ ಹೋದಳು. ಫೋನು ಹಿಡಿದವನು ಮಾಳು.

“ಅವ್ರಿಗಿ ಎಷ್ಟ ಕಾಣಸ್ತದ್ರಿ? ಪೂರ್ತಿ ಕಾಣೂದಿಲ್ಲೋ, ಒಂದೀಟ ಕಾಣಸ್ತದೋ? ಯಾಕಂದ್ರ ಪೂರ್ತಿ ಕಾಣಲಾರದವ್ರಿಗಿ ನಾವು ಧ್ವನಿ ಹಾಕಿ, ಸಾದಾ ಎಡಿಟರ್ ಕೊಡ್ತೇವಿ. ಒಂದೀಟ ಕಾಣವ್ರಿದ್ರ ಅವ್ರಿಗಿ ರೂಢಿ ಇದ್ದದ್ದು ಯಾವುದಾದ್ರೂ ನಡೀತದ. ಮೊದಲ ಹೇಳಿದ್ರ ಯಂತ್ರದಾಗ ಹಾಕಿ ಇಟ್ಟಿರ್ತೇವಿ.”

ಮಾಳು ಫೋನಿಗೆ ಕೈ ಅಡ್ಡ ಹಿಡಿದು ತಿರುಗಿದ. ಅಂಗಳದಲ್ಲಿ ಅವ್ವ ಭಾಂಡೆ ತಿಕ್ಕುತ್ತಿದ್ದಳು. “ಯಕ್ಕಾ, ಅಕ್ಷರ ಕಾಣತಾವಲ್ಲಾ ನಿನಗ?”

ಚಂದ್ರಕಲಾ ಅಂಗಳದ ಕಡೆ ಮುಖ ಮಾಡಿದಳು. ಭಾಂಡೆಯ ಸಪ್ಪಳ ನಿಂತಿತ್ತು.

“ದೊಡ್ಡು ಮಾಡಿದ್ರ ಕಾಣತಾವ,” ಎಂದಳು.

ಸಪ್ಪಳ ಮತ್ತೆ ಶುರುವಾಯಿತು. “ಒಂದೀಟ ಕಾಣಸ್ತದ ಅಂತ ಬರಕೋರಿ,” ಎಂದ ಮಾಳು ಫೋನಿಗೆ. ಎಡಿಟರಿನ ಹೆಸರು ಕೇಳಿದಾಗ ಬಾಲವಾಡಿಯ ಅಸಲೀ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದ.

ಪರೀಕ್ಷೆಯ ದಿನ ಇಬ್ಬರೂ ಬೆಳಿಗ್ಗೆಯ ಬಸ್ಸು ಹಿಡಿದು ವಿಜಯಪುರಕ್ಕೆ ಬಂದರು. ಗಲ್ಲಿ ಇಕ್ಕಟ್ಟಾಗಿತ್ತು, ಎರಡೂ ಕಡೆ ಗಟಾರು, ನಡುವೆ ಒಂದು ಸೈಕಲ್ಲಿಗೆ ಸಾಕಾಗುವಷ್ಟು ಹಾದಿ. ಚಂದ್ರಕಲಾ ತಮ್ಮನ ಮೊಣಕೈ ಹಿಡಿದಿದ್ದಳು. ಹೆದರಿಕೆಗೆ ಹಿಡಿದಿದ್ದಾಳೆ ಎಂದುಕೊಂಡ ಅವನು.

ಬಾಗಿಲಲ್ಲಿ ಅಬ್ದುಲಸಮದ ಸರ್ ನಿಂತಿದ್ದರು. ಕೇಂದ್ರದ ಹಿರಿಯ ಮಾಸ್ತರರು, ಐವತ್ತು ದಾಟಿದವರು, ಅವರಿಗೂ ಕಣ್ಣಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೋಲು. ಇವರ ಹೆಜ್ಜೆ ಕೇಳಿದ್ದೇ ಹೆಸರು ವಿಚಾರಿಸಿ, “ಬರ್ರಿ ಚಂದ್ರಕಲಾ. ಸಂಗಾಟ ಬಂದವ್ರು ಹೊರಗ ಕಟ್ಟಿ ಮ್ಯಾಲ ಕೂಡ್ರಬೇಕು,” ಎಂದರು.

“ನಾ ಅವ್ರ ತಮ್ಮ ಮಾಳು ಅಂತ್ರಿ. ಸುಮ್ಮನ ಕುಂಡ್ರತೇನ್ರಿ ಸರ್, ಒಂದ ಮಾತ ಆಡೂದಿಲ್ಲ.”

“ಹಂಗಾದ್ರ ಭಾಳ ಚೊಲೊ,” ಎಂದರು ಸರ್.

ಕಟ್ಟೆಯ ಮೇಲೊಂದು ಕಿಟಕಿ ಇತ್ತು, ತೆರೆದೇ ಇತ್ತು. ಒಳಗೆ ಹತ್ತೊಂಬತ್ತು ಯಂತ್ರಗಳು, ಹತ್ತೊಂಬತ್ತು ಮಂದಿ. ಸರ್ ಪ್ರಶ್ನೆ ಓದಿ ಹೇಳಿದರು: ಹತ್ತು ಸಂಖ್ಯೆ ಕೊಡುತ್ತೇನೆ, ಅವುಗಳಲ್ಲಿ ದೊಡ್ಡದು ಯಾವುದೆಂದು ನಿಮ್ಮ ಪ್ರೋಗ್ರಾಮ್ ಹೇಳಬೇಕು. ಉತ್ತರ ಬಂದ ಕೂಡಲೆ ಕೈ ಎತ್ತಿ. ಮಾಳುವಿಗೆ ನಗು ಬಂತು. ಇದನ್ನು ಅಕ್ಕ ಇಪ್ಪತ್ತು ಸಲ ಬರೆದಿದ್ದಾಳೆ.

ಚಂದ್ರಕಲಾ ಎರಡನೇ ಸಾಲಿನಲ್ಲಿ, ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದಳು. ಅವಳ ಪರದೆ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಎಲ್ಲರ ಹಾಗೆ ಅವಳೂ ಹೆಡ್‌ಫೋನು ಹಾಕಿಕೊಂಡು ಬರೆಯತೊಡಗಿದಳು. ಏಳೆಂಟು ನಿಮಿಷದಲ್ಲಿ ಮುಗಿಸಿ, ನಡೆಸುವ ಬಟನ್ ಒತ್ತಿದಳು. ಕೆಳಗಿನ ಚೌಕದಲ್ಲಿ ಕೆಂಪು ಸಾಲೊಂದು ಬಂತು. ನಾಲ್ಕನೇ ಸಾಲಿನಲ್ಲಿ ಕಂಸ ಮುಚ್ಚಿಲ್ಲ. ಗಡಿಬಿಡಿಯ ತಪ್ಪು, ಒಂದು ಬಟನ್ನಿನ ಕೆಲಸ.

ಅವಳು ಸರಿಪಡಿಸಲಿಲ್ಲ. ಸುಮ್ಮನೆ ಕುಳಿತಳು. ಮತ್ತೊಮ್ಮೆ ಒತ್ತಿದಳು. ಮತ್ತೆ ಕೆಂಪು. ಹೆಡ್‌ಫೋನನ್ನು ಗಟ್ಟಿಯಾಗಿ ಕಿವಿಗೆ ಒತ್ತಿ ಹಿಡಿದಳು, ಆಮೇಲೆ ಒಂದು ಕಿವಿಯಿಂದ ಸರಿಸಿದಳು. ಉಳಿದವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಯಂತ್ರದ ಮಾತು ಕೇಳುತ್ತಿದ್ದರು. ಅವಳೊಬ್ಬಳು ತಲೆಯನ್ನು ಬಲಗಡೆಗೆ ವಾಲಿಸಿ ಕಾಯುತ್ತಿದ್ದಳು. ಮನೆಯಲ್ಲಿ ಮಾಳು ಕುಳಿತುಕೊಳ್ಳುತ್ತಿದ್ದ ಕಡೆಗೆ.

ಪರದೆಯ ಮೇಲೆ ಬೆರಳುದ್ದದ ಕೆಂಪು ಅಕ್ಷರಗಳು. ಅಷ್ಟು ದೊಡ್ಡದು ಮಾಡಿಟ್ಟಿದ್ದಾರೆ, ಓದಬಾರದೇ ಅಕ್ಕಾ ಎಂದು ಮಾಳು ಮನಸ್ಸಿನಲ್ಲೇ ಕೂಗಿದ. ಕೂಗುತ್ತಿದ್ದ ಹಾಗೆಯೇ ಬೆಳಕಿಲ್ಲದ ಆ ಲ್ಯಾಪ್‌ಟಾಪು, ಆ ಹನ್ನೊಂದು ಸಾಲು, ಗಲ್ಲಿಯಲ್ಲಿ ಹಿಡಿದ ಮೊಣಕೈ ಎಲ್ಲ ಒಂದರ ಹಿಂದೊಂದು ಬಂದು ನಿಂತವು.

ಅರ್ಧ ತಾಸು ಕಳೆಯಿತು. ಅಲ್ಲೊಬ್ಬರು ಇಲ್ಲೊಬ್ಬರು ಕೈ ಎತ್ತತೊಡಗಿದರು. ಸರ್ ಹತ್ತಿರ ಹೋಗಿ ಅವರ ಹೆಡ್‌ಫೋನಿಗೆ ಕಿವಿ ಕೊಟ್ಟು, ಬೆನ್ನು ತಟ್ಟಿ ಮುಂದೆ ಹೋಗುತ್ತಿದ್ದರು. ಏಳು ಮಂದಿ ಆಯಿತು. ಚಂದ್ರಕಲಾ ಮತ್ತೆ ಒತ್ತಿದಳು, ಮತ್ತೆ ಒತ್ತಿದಳು. ಕೆಂಪು, ಕೆಂಪು.

ಮಾಳುವಿನ ಗಂಟಲು ಅವನನ್ನು ಕೇಳಲಿಲ್ಲ.

“ತಿಕೋಟಾ, ತಿಕೋಟಾ, ತಿಕೋಟಾ! ಯಾರ್ರೀ ಅದು ನಾಕನೇ ಸೀಟ? ಬಾಗಲಾ, ಬಾಗಲಾ!”

ಥೇಟು ಕಂಡಕ್ಟರೇ. ಆ ಒರಟು, ಆ ಎಳೆತ, ಕೊನೆಗೆ ಅಂಗೈಯಿಂದ ಬಸ್ಸಿನ ತಗಡಿಗೆ ಬಡಿದ ಸಪ್ಪಳ ಕೂಡ. ಚಂದ್ರಕಲಾಳ ಬೆನ್ನು ನೆಟ್ಟಗಾಯಿತು. ಬಾಣದ ಗುರುತಿನ ಬಟನ್ನನ್ನು ಎಣಿಸಿ ಒತ್ತುತ್ತ ನಾಲ್ಕನೇ ಸಾಲಿಗೆ ಹೋದಳು, ಕಂಸ ಮುಚ್ಚಿದಳು, ನಡೆಸಿದಳು. ಕೆಳಗಿನ ಚೌಕದಲ್ಲಿ ಉತ್ತರ ಬಂತು. ೯೧.

ಸರ್ ನಿಂತಲ್ಲೇ ಕಿಟಕಿಯ ಕಡೆ ತಿರುಗಿದರು.

“ಈ ಗಲ್ಲಿಯೊಳಗ ಸೈಕಲ್ ತಿರುಗೂದ ಕಷ್ಟ. ಬಸ್ ಹೆಂಗ ಬಂತ್ರೀ ಮಾಳಪ್ಪಾ?” ಎಂದರು. “ಒಳಗ ಬರ್ರಿ.”

ಹೆಡ್‌ಫೋನು ತೆಗೆದ ಒಬ್ಬಿಬ್ಬರು ನಕ್ಕರು. ಮಾಳು ಒಳಗೆ ಹೋಗಿ ಗೋಡೆಗೆ ಹತ್ತಿ ನಿಂತ. ಊರೆಲ್ಲ ಮೋಸಹೋಗುವ ಧ್ವನಿ. ಇಲ್ಲಿ ಯಾರ ಎದುರಿಗೆ ತೆಗೆದೆನೆಂದು ಅವನಿಗೆ ಈಗ ತಿಳಿಯಿತು. ಸರ್ ಕೋಲು ಆಡಿಸುತ್ತ ಚಂದ್ರಕಲಾಳ ಮೇಜಿಗೆ ಬಂದರು.

“ಓಡಸೀರೇನಮ್ಮಾ?”

“ಹೂನ್ರಿ.”

“ಏನ ಉತ್ತರ ಬಂತು?”

ಉತ್ತರ ಅವಳ ಮುಖದಿಂದ ಒಂದು ಗೇಣು ದೂರದಲ್ಲಿ, ಬೆರಳುದ್ದದ ಅಂಕಿಗಳಲ್ಲಿ ಹೊಳೆಯುತ್ತಿತ್ತು. ಆ ಕೋಣೆಯಲ್ಲಿ ಅದನ್ನು ನೋಡಬಲ್ಲವನು ಒಬ್ಬನೇ. ಅವನು ಬಾಯಿ ತೆರೆದ.

“ನೀವಲ್ಲ,” ಎಂದರು ಸರ್, ಕೈ ಎತ್ತಿ.

ಅವಳ ಹೆಡ್‌ಫೋನಿನ ಒಂದು ಬದಿಯನ್ನು ತಮ್ಮ ಕಿವಿಗೆ ಹಿಡಿದು ಬಾಣದ ಬಟನ್ ಒತ್ತಿ ನೋಡಿದರು. ಮೇಲೆ, ಕೆಳಗೆ, ಮತ್ತೆ ಮೇಲೆ.

“ಧ್ವನಿ ಚಾಲೂ ಅದ. ಖರೆ ಇದರೊಳಗ ಅದು ಏನೂ ಓದವಲ್ದು. ಈ ಎಡಿಟರ್ ಕಣ್ಣಿದ್ದವ್ರ ಸಲವಾಗಿ ಮಾಡಿದ್ದಮ್ಮಾ. ಕಿವಿಗಿ ಇದು ಮೂಕ. ಮನ್ಯಾಗ ಹೆಂಗ ಕೇಳತಿದ್ರಿ?”

“ತಮ್ಮ ಓದಿ ಹೇಳತಿದ್ದ್ರಿ.”

“ಧ್ವನಿ ಹಾಕ್ಕೊಂಡ ಒಮ್ಮೆನೂ ಬರದಿಲ್ಲ?”

“ಇಲ್ರಿ.”

“ಅರ್ಜಿಯೊಳಗ ಒಂದೀಟ ಕಾಣಸ್ತದ ಅಂತ ಹೇಳೀರಿ. ಕಾಣಸ್ತದೇನು?”

ಚಂದ್ರಕಲಾ ಮೇಜಿನ ಅಂಚನ್ನು ಹಿಡಿದುಕೊಂಡಳು.

“ಇಲ್ರಿ ಸರ್,” ಎಂದಳು.

ಮಾಳು ಗೋಡೆಗೆ ಇನ್ನಷ್ಟು ಒತ್ತಿಕೊಂಡ.

ಸರ್ ಗದರಿಸಲಿಲ್ಲ, ಎಬ್ಬಿಸಲೂ ಇಲ್ಲ. ಅವರೇ ಆ ಎಡಿಟರನ್ನು ಮುಚ್ಚಿ, ಕರೇ ಪಾಟಿಯಂಥ ಸಾದಾ ಎಡಿಟರು ತೆರೆದುಕೊಟ್ಟು, “ಇನ್ನೂ ಕಾಲು ತಾಸದ. ಇದು ಮಾತಾಡ್ತದ. ಮತ್ತ ಬರೀರಿ,” ಎಂದರು. ಅವಳು ಹೆಡ್‌ಫೋನು ಹಾಕಿಕೊಂಡಳು. ಒಂದು ಅಕ್ಷರ ಒತ್ತಿದಳು, ಬೆಚ್ಚಿದಳು. ಇನ್ನೊಂದು ಒತ್ತಿದಳು. ಯಂತ್ರ ಅಲ್ಲಿಯ ಮಂದಿಯ ರೂಢಿಯ ವೇಗದಲ್ಲಿ ಆಲಿಕಲ್ಲು ಸುರಿದ ಹಾಗೆ ಮಾತಾಡುತ್ತಿತ್ತು. ಅವಳು ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ, ಆ ಧ್ವನಿಯ ಬೆನ್ನು ಹತ್ತಿ ಹತ್ತಿ ಸೋತು, ಹತ್ತನೇ ನಿಮಿಷಕ್ಕೆ ಹೆಡ್‌ಫೋನು ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

“ನನಗ ತಿಳಿವಲ್ದು ಸರ್.”

“ಬರೀಲಿಕ್ಕೆ ನಿಮಗ ಬರ್ತದ,” ಎಂದರು ಸರ್. “ಕೇಳಲಿಕ್ಕೆ ಬರೂದಿಲ್ಲ. ಅದಕ್ಕ ನಾಕೈದು ತಿಂಗಳು ಬೇಕು. ಈ ವರ್ಷ ಎಂಟ ಮಂದಿ ಆದ್ರು. ಮುಂದಿನ ಫೆಬ್ರುವರಿಗೆ ಬರ್ರಿ. ಒಬ್ಬರ ಬರ್ರಿ.”

ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದರು. ಬಬಲೇಶ್ವರದ ಬಸ್ಸಿಗೆ ಹೊತ್ತಿತ್ತು. ಕಲ್ಲಿನ ಬೆಂಚಿನ ಮೇಲೆ ಕುಳಿತರು. ಮಾಳು ಚಹಾ ತಂದು ಅವಳ ಕೈಗೆ ಕೊಡಹೋದ. ಅವಳ ಕೈ ಕಪ್ಪಿನ ಬದಿಯಿಂದ ದಾಟಿ ಹೋಯಿತು. ಈಗ ಅವಳಿಗೆ ಮುಚ್ಚಿಡುವ ಗರಜಿರಲಿಲ್ಲ. ಅವನು ಅವಳ ಬೆರಳು ಹಿಡಿದು ಕಪ್ಪಿಗೆ ಸುತ್ತಿಸಿದ.

“ಯಾವಾಗಿಂದಬೇ?” ಎಂದ.

“ಹಗಲೋ ರಾತ್ರೀನೋ ಅನ್ನೂದು ಗೊತ್ತಾಗತೈತಿ. ಅಷ್ಟ. ನಿನ್ನ ಮಾರಿ ಕಡೀಕ ಕಂಡಿದ್ದು ದೀಪಾವಳ್ಯಾಗ. ಅವ್ವಂದು ಅದಕಿಂತಾ ಮದಲ.”

“ನನಗ ಹೇಳಬಾರದಿತ್ತೇನು? ನನಗ?”

“ಹೇಳಿದ್ರ ನೀ ಏನ ಮಾಡತಿದ್ದಿ?” ಚಂದ್ರಕಲಾ ಚಹಾ ಕುಡಿಯದೆ ಹಾಗೇ ಹಿಡಿದಿದ್ದಳು. “ಅವ್ವನಂಗ ಬಾಯಿಗಿ ಅರಿವಿ ಹಿಡಕೊಂಡ ಕುಂಡ್ರತಿದ್ದಿ. ಕಂಡಕ್ಟರ್ ಇಲ್ಲ, ಸವಾಲಿನಾಂವ ಇಲ್ಲ. ಆ ಎರಡ ತಾಸಾದ್ರೂ ಇರ್ಲಿ ಅಂತ ಸುಮ್ನಾದೆ.”

ಅವನು ಏನೋ ಹೇಳಹೋದ. ಯಾವ ಧ್ವನಿಯಲ್ಲಿ ಹೇಳಬೇಕೆಂದು ತಿಳಿಯಲಿಲ್ಲ. ತನ್ನದೇ ಆದ ಧ್ವನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳುವವನ ಹಾಗೆ ಗಂಟಲು ಸರಿಮಾಡಿಕೊಂಡ.

“ತಪ್ಪ ನಂದು. ಆ ಹಲ್ಕಟ್ ಬಾಲವಾಡಿ ನಾನ ಆರಿಸಿದ್ನಿ. ಒಂದ್ಸಲ ಧ್ವನಿ ಹಾಕಿ ನೋಡಿದ್ರ ಅವತ್ತ ಗೊತ್ತಾಗತಿತ್ತು ಅದು ಮೂಕ ಐತಿ ಅಂತ.”

“ಬಂದ್ ಮಾಡಂದಾಕಿ ನಾನಲಾ.”

“ಮುಂದಿನ ವರ್ಷ—”

“ಗಪ್ಪ ಕುಂಡ್ರು ಮಾಳ್ಯಾ.”

ಬಸ್ಸು ಬಂತು. ನಿಜವಾದ ಕಂಡಕ್ಟರನೊಬ್ಬ ಬಾಗಿಲಲ್ಲಿ ಜೋತು, “ಬಬಲೇಶ್ವರ, ಬಬಲೇಶ್ವರ!” ಎಂದು ಕೂಗಿದ. ಚಂದ್ರಕಲಾ ಮುಖ ಸಣ್ಣದು ಮಾಡಿಕೊಂಡು ಎದ್ದಳು.

ಮನೆಯಲ್ಲಿ ಅವ್ವನಿಗೆ ಎರಡನ್ನೂ ಹೇಳಬೇಕಾಯಿತು: ಪರೀಕ್ಷೆಯದು, ಕಣ್ಣಿನದು. ಮುದುಕವ್ವ ಪರೀಕ್ಷೆಯ ಬಗ್ಗೆ ಏನೂ ಕೇಳಲಿಲ್ಲ. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ಕಣ್ಣೊಳಗೆ ಏನೋ ಬಿದ್ದಿದೆ, ಊದಿದರೆ ಹೋಗುತ್ತದೆ ಎಂಬಂತೆ ಬಹಳ ಹೊತ್ತು ನೋಡಿದಳು.

ಮರುದಿನ ಆರು ಗಂಟೆಗೆ ಮಾಳು ಎಂದಿನಂತೆ ಬಂದ. ಚಂದ್ರಕಲಾ ಆಗಲೇ ಲ್ಯಾಪ್‌ಟಾಪಿನ ಮುಂದೆ ಇದ್ದಳು.

“ಆ ಕರೇ ಪಾಟಿ ತಗದ ಕೊಡು. ಧ್ವನಿ ಚಾಲೂ ಮಾಡು. ಎಷ್ಟ ಸಾವಕಾಶ ಆಕ್ಕೈತಿ ಅಷ್ಟ ಸಾವಕಾಶ ಇಡು.”

ಅವನು ಮಾಡಿಕೊಟ್ಟ. ಬಾಲವಾಡಿಯನ್ನು ತೆಗೆದುಹಾಕಿದ. ಆಮೇಲೆ ರೂಢಿಯಂತೆ ಅವಳ ಬಲಗಡೆಗೆ ಕುಳಿತ.

“ಅಲ್ಲಿ ಕುಂಡ್ರಬ್ಯಾಡ,” ಎಂದಳು. “ನೀ ಉಸರಾಡಿದ್ರೂ ನನಗ ತಪ್ಪೈತೋ ಸರಿ ಐತೋ ಗೊತ್ತಾಗತೈತಿ. ಹೊರಗ ಹೋಗು.”

“ಎಷ್ಟ ದಿನಾ?”

ಅವಳು ಬಟನ್ನುಗಳ ಮೇಲೆ ಬೆರಳೂರಿ ಯಂತ್ರದ ಕಡೆ ಕಿವಿ ಕೊಟ್ಟಳು.

ಅವನು ಕಟ್ಟೆಯ ಮೇಲೆ ಬಂದು ಕುಳಿತ. ಒಳಗೆ ಆ ತಗಡಿನ ಧ್ವನಿ ಶುರುವಾಯಿತು, ಒಂದೊಂದೇ ಅಕ್ಷರ, ನಡುವೆ ದೊಡ್ಡ ದೊಡ್ಡ ಬಿಡುವು. ಒಂದು ಸಾಲಿಗೆ ಅವಳಿಗೆ ಹತ್ತು ನಿಮಿಷ ಹಿಡಿಯುತ್ತಿತ್ತು. ನಿನ್ನೆಯವರೆಗೆ ಅಷ್ಟು ಹೊತ್ತಿನಲ್ಲಿ ಇಡೀ ಪ್ರೋಗ್ರಾಮು ಮುಗಿಸುತ್ತಿದ್ದವಳು. ಅವ್ವ ಒಲೆಯ ಮುಂದೆ ಸಪ್ಪಳವಿಲ್ಲದೆ ಕೆಲಸ ಮಾಡುತ್ತಿದ್ದಳು. ಎಂಟು ಗಂಟೆಯ ಹೊತ್ತಿಗೆ ಯಂತ್ರ ಒಂದು ತಪ್ಪನ್ನು ಓದಿತು, ಯಾವ ಏರಿಳಿತವೂ ಇಲ್ಲದೆ. ಚಂದ್ರಕಲಾ ಅದನ್ನು ಇನ್ನೊಮ್ಮೆ ಓದಿಸಿದಳು. ಮತ್ತೊಮ್ಮೆ ಓದಿಸಿದಳು. ಮಾಳುವಿಗೆ ತಪ್ಪು ಯಾವ ಸಾಲಿನಲ್ಲಿದೆ, ಏನೆಂದು ಮೊದಲನೇ ಸಲಕ್ಕೇ ಗೊತ್ತಾಗಿತ್ತು.

ಅವನು ಎದ್ದು ಬೈಕಿನ ಸ್ಟ್ಯಾಂಡು ತೆಗೆದ. ಚಾಲೂ ಮಾಡಿದರೆ ಅವಳಿಗೆ ಯಂತ್ರದ ಮಾತು ಕೇಳಿಸದೆ ಹೋದೀತೆಂದು, ಓಣಿಯ ತಿರುವಿನವರೆಗೂ ನೂಕಿಕೊಂಡೇ ಹೋದ.